ಹಾಸ್ಕಿನ್‌ನ ಹುಲ್ಲುಗಾವಲಿನ ನಡುದಾರಿ

ಮಂಗಳವಾರದ ನಡಿಗೆಗೆ ತಗಲುವ ಖರ್ಚು ಬಹಳ ಕಡಿಮೆ. ನಡೆಯುವುದಕ್ಕಂತೂ ಕಾಸಿಲ್ಲ. ಮುಗಿದ ಮೇಲೆ ಚರ್ಚಿನ ಹಜಾರದಲ್ಲಿ ಚಹಾಕ್ಕೆ ಒಂದು ಪೌಂಡು, ಕೇಕಿನ ತುಂಡಿಗೆ ಒಂದೂವರೆ. ಕೇಕು ನಿನ್ನೆಯದಾದರೆ ಒಂದಕ್ಕೇ ಕೊಡುತ್ತಾರೆ. ಒಳ್ಳೆಯ ಬೂಟಿಗೆ ತೊಂಬತ್ತು ಪೌಂಡು ಬೀಳುತ್ತದೆ, ಆದರೆ ಎಪ್ಪತ್ತು ದಾಟಿದವರಿಗೆ ಅದೇ ಕೊನೆಯ ಜೋಡಿ, ಹಾಗಾಗಿ ಲಾಭವೇ ಎಂದು ಐರಿಸ್ ಪ್ರಿಚೆಟ್ ಹೊಸಬರಿಗೆಲ್ಲ ಹೇಳುತ್ತಿದ್ದಳು. ನಡಿಗೆಯ ಮುಂದಾಳು ಅವಳೇ. ಲಿಟಲ್ ಹ್ಯಾಟ್ರೆಲ್ ಊರಿನ ಚರ್ಚಿನಿಂದ ಹೊರಟು, ಹಾಸ್ಕಿನ್‌ನ ಹುಲ್ಲುಗಾವಲು ದಾಟಿ, ಹಳ್ಳದ ಪಕ್ಕದಲ್ಲಿ ಸುತ್ತಿ ಮತ್ತೆ ಚರ್ಚಿಗೆ. ಏರಿಲ್ಲ, ಇಳಿಜಾರಿಲ್ಲ. ಮಂಡಿ ನೋವಿನವರೂ ಬರಬಹುದು.

ಜೂನ್ ತಿಂಗಳ ಆ ಮಂಗಳವಾರ ಬಂದದ್ದು ಮೇವಿಸ್ ಒಬ್ಬಳೇ. ಉಳಿದವರು ಬಸ್ಸು ಮಾಡಿಕೊಂಡು ಸಮುದ್ರ ನೋಡಲು ಹೋಗಿದ್ದರು. ಮೇವಿಸ್ ಮತ್ತು ಐರಿಸ್ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಮೇವಿಸ್‌ಗೆ ಬೆರಳಿನ ಸಂಧಿಗಳಲ್ಲಿ ವಾತ, ಹಿಡಿತ ಸಾಲದು. ಅದಕ್ಕೇ ತನ್ನ ನಾಯಿ ಟಗ್‌ನ ಹಗ್ಗವನ್ನು ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನಡೆಯುತ್ತಿದ್ದಳು. ಟಗ್ ಮೊಣಕಾಲೆತ್ತರದ ಬಿಳಿ ನಾಯಿ, ತಾನೊಂದು ಹುಲಿ ಎಂದುಕೊಂಡಿತ್ತು.

ಬೇಲಿ ದಾಟುವ ಹಲಗೆಮೆಟ್ಟಿಲ ಹತ್ತಿರ ಬಂದಾಗ ಮೇವಿಸ್ ನಿಂತುಬಿಟ್ಟಳು. ಹುಲ್ಲುಗಾವಲಿನಲ್ಲಿ ಕಂದು ಬಣ್ಣದ ಹಸುಗಳ ದೊಡ್ಡ ಹಿಂಡಿತ್ತು. ಒಂದೊಂದರ ಪಕ್ಕದಲ್ಲೂ ಕರು.

"ಕರು ಹಾಕಿವೆ ಕಣೇ," ಎಂದಳು ಮೇವಿಸ್. "ಅಂಚಿನ ದಾರೀಲಿ ಹೋಗೋಣ. ಹಾಸ್ಕಿನ್ನೇ ಮಾಡಿಟ್ಟಿದಾನಲ್ಲ."

ಮಾಡಿಟ್ಟಿದ್ದು ನಿಜ. ಹುಲ್ಲುಗಾವಲಿನ ಒಡೆಯ ಕಾಲಿನ್ ಹಾಸ್ಕಿನ್ ಒಂದು ಬದಿಯ ಬೇಲಿಯ ಉದ್ದಕ್ಕೂ ಗೂಟ ನೆಟ್ಟು, ಕರೆಂಟಿನ ತಂತಿ ಎಳೆದು, ಹಸುಗಳು ಬಾರದ ಹಾಗೆ ನಡೆಯುವವರಿಗೊಂದು ಓಣಿ ಬಿಟ್ಟಿದ್ದ. "ದಯವಿಟ್ಟು ಈ ಕಡೆಯಿಂದ" ಎಂದು ಹಲಗೆಯ ಮೇಲೆ ಬರೆಸಿದ್ದ. ಹುಲ್ಲುಗಾವಲಿನ ನಡುವೆ ಹಾದುಹೋಗುವ, ಎಲ್ಲರಿಗೂ ನಡೆಯುವ ಹಕ್ಕಿರುವ ಊರದಾರಿಯನ್ನು ಅಂಚಿಗೆ ಸರಿಸಿಕೊಡಿ ಎಂದು ಕೌನ್ಸಿಲ್‌ಗೆ ಅರ್ಜಿಯನ್ನೂ ಹಾಕಿದ್ದ. ಆ ಅರ್ಜಿಯ ವಿರುದ್ಧ ಇಡೀ ಊರಿನಲ್ಲಿ ಮೊದಲು ಎದ್ದುನಿಂತವಳು ಐರಿಸ್. ನಡೆಯದ ದಾರಿ ಸಾಯುತ್ತದೆ ಎಂಬುದು ಅವಳ ಅಪ್ಪನ ಮಾತು. ಅವಳ ಅಜ್ಜಿಯ ಶವಪೆಟ್ಟಿಗೆ ಚರ್ಚಿಗೆ ಹೋದದ್ದೂ ಅದೇ ನಡುದಾರಿಯಲ್ಲಿ.

"ಇವತ್ತು ಅಂಚಲ್ಲಿ ಹೋದ್ರೆ, ನಾಳೆ ಅವನು ಕೌನ್ಸಿಲ್‌ನೋರ ಮುಂದೆ ನಿಂತು, ನೋಡಿ ಪ್ರಿಚೆಟ್ಟೇ ಅಂಚಲ್ಲಿ ಓಡಾಡ್ತಾಳೆ ಅಂತಾನೆ," ಎಂದಳು ಐರಿಸ್. "ನೋಡು, ಅಂಗಳದಲ್ಲೇ ನಿಂತಿದಾನೆ."

ದೂರದ ಕೊಟ್ಟಿಗೆಯ ಮುಂದೆ ಹಾಸ್ಕಿನ್‌ನ ಕೆಂಪು ಟೋಪಿ ಕಾಣುತ್ತಿತ್ತು.

"ಅವನು ನಿಂತ್ಕೊಳ್ಳಲಿ, ಅವನಂಗಳ. ನಂಗೆ ಹಸು ಅಂದ್ರೆ ಆಗಲ್ಲ ಕಣೇ ಐರಿಸ್."

"ಹಾಲು ಕುಡೀತೀಯ, ಹಸು ಆಗಲ್ಲ. ಬಾ, ನನ್ನ ಹಿಂದೇನೇ ಬಾ. ನಾವು ಸುಮ್ನಿದ್ರೆ ಅವೂ ಸುಮ್ನಿರ್ತವೆ."

ಮೇವಿಸ್ ನಿಟ್ಟುಸಿರುಬಿಟ್ಟು ಮೆಟ್ಟಿಲು ಹತ್ತಿದಳು. ಅರವತ್ತು ವರ್ಷಗಳಿಂದಲೂ ಅವಳು ಐರಿಸ್‌ನ ಹಿಂದೆಯೇ ಬಂದವಳು.

ಮೊದಲ ಅರ್ಧ ಸಲೀಸಾಗಿ ಕಳೆಯಿತು. ಐರಿಸ್ ತಲೆ ಎತ್ತಿಕೊಂಡು, ಕೆಂಪು ಟೋಪಿಗೆ ಚೆನ್ನಾಗಿ ಕಾಣಲಿ ಎಂದು ನಿಧಾನವಾಗಿಯೇ ನಡೆದಳು. ಹುಲ್ಲು ಮೊಣಕಾಲಿಗೆ ಬರುತ್ತಿತ್ತು. ಹಸುಗಳು ಮೇಯುವ ಸದ್ದು ಕೇಳುತ್ತಿತ್ತು, ಹಳೆಯ ಬಟ್ಟೆ ಹರಿದ ಹಾಗೆ. ಆಮೇಲೆ ಆ ಸದ್ದು ನಿಂತಿತು. ಐರಿಸ್‌ಗೆ ಮೊದಲು ಗೊತ್ತಾದದ್ದು ಅದೇ. ತಿರುಗಿ ನೋಡಿದರೆ ಹಿಂಡಿನ ಅಷ್ಟೂ ತಲೆಗಳು ಮೇಲೆದ್ದಿದ್ದವು, ಅಷ್ಟೂ ಮುಖಗಳು ಇವರ ಕಡೆಗಿದ್ದವು.

"ಐರಿಸ್."

"ನಡೀತಾ ಇರು. ನೋಡ್ಬೇಡ."

"ಒಂದು ಕರು ಬರ್ತಾ ಇದೆ."

ಮೇವಿಸ್ ಹೇಳಿದ್ದು ಸರಿ. ಉದ್ದ ಕಾಲಿನ ಎಳೆಗರುವೊಂದು ಟಗ್‌ನನ್ನು ನೋಡುವ ಆಸೆಗೆ ಮೂಗು ಮುಂದೆ ಚಾಚಿ ಕುಣಿಯುತ್ತ ಬರುತ್ತಿತ್ತು. ಟಗ್ ಗುರುಗುಟ್ಟಿತು. ಹಳ್ಳಿಯಲ್ಲಿ ಹುಟ್ಟಿದವಳಿಗೆ ಕರುವೂ ನಾಯಿಯೂ ಮೂಗಿಗೆ ಮೂಗು ತಾಗಿಸಿದರೆ ಮುಂದೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಆಚೆ ತುದಿಯ ಬೇಲಿಯ ಮೆಟ್ಟಿಲು ಎಷ್ಟು ದೂರವೋ ದಾಟಿಬಂದದ್ದೂ ಅಷ್ಟೇ ದೂರ. ಸರಿಯಾಗಿ ನಡುಮಧ್ಯದಲ್ಲಿ ಸಿಕ್ಕಿಬಿದ್ದಿದ್ದರು.

"ಶುಭೋದಯ, ಮಹಿಳೆಯರೇ," ಎಂದಳು ಐರಿಸ್ ಹಸುಗಳಿಗೆ. ಎಂದಿನ ಅಭ್ಯಾಸ. ಬೇರೆ ದಿನ ಮೇವಿಸ್ ಇದಕ್ಕೆ ನಗುತ್ತಿದ್ದಳು. ಇಂದು ಐರಿಸ್‌ಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

ಟಗ್ ಬೊಗಳಿತು. ಕರು ಬೆದರಿ ಹಾರಿ ಅಂಬಾ ಎಂದಿತು. ಆ ಕೂಗಿಗೆ ಎಲ್ಲಿಂದಲೋ ಅದರ ತಾಯಿ ಉತ್ತರ ಕೊಟ್ಟಿತು. ಅದು ಅಂಬಾ ಅಲ್ಲ, ಹೊಟ್ಟೆಯಾಳದಿಂದ ಎದ್ದ ಹೂಂಕಾರ. ಹಿಂಡು ಒಂದೇ ಸಲ ಕದಲಿತು. ಮೊದಲು ನಡಿಗೆ, ಆಮೇಲೆ ಓಟ. ಕಾಲಡಿಯ ನೆಲ ಅದುರುವುದು ಐರಿಸ್‌ನ ಬೂಟಿನೊಳಗೆ ತಿಳಿಯಿತು.

"ನಾಯಿ ಬಿಡು! ಮೇವಿಸ್, ಹಗ್ಗ ಬಿಡು!"

"ಸುತ್ತಿದೆ," ಎಂದಳು ಮೇವಿಸ್. ಇಷ್ಟೇ ಅವಳು ಹೇಳಿದ್ದು. ಬಲಗೈಯಿಂದ ಎಡಗೈಯ ಸುತ್ತನ್ನು ಕೀಳುತ್ತಿದ್ದಳು, ಊದಿದ ಬೆರಳುಗಳು ಜಾರುತ್ತಿದ್ದವು. ಟಗ್ ಎಳೆದಷ್ಟೂ ಸುತ್ತು ಬಿಗಿಯುತ್ತಿತ್ತು.

ಐರಿಸ್ ಎರಡು ಹೆಜ್ಜೆ ಹಾಕುವಷ್ಟರಲ್ಲಿ ಕಂದು ಗೋಡೆಯೊಂದು ಅವಳ ಮುಂದಿನಿಂದ ಹಾದುಹೋಯಿತು. ಮೇವಿಸ್ ಕಾಣಲಿಲ್ಲ. ಮರುಕ್ಷಣ ಕಂಡಾಗ ಹುಲ್ಲಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಹಸು ಅವಳ ಪಕ್ಕೆಗೆ ತಲೆ ಕೊಟ್ಟು, ಹಿಟ್ಟು ನಾದಿದ ಹಾಗೆ ಒತ್ತುತ್ತಿತ್ತು. ಮೇವಿಸ್ ಕಿರುಚಲಿಲ್ಲ. ಕಿರುಚಲು ಅವಳಲ್ಲಿ ಉಸಿರಿರಲಿಲ್ಲ. ನಾಯಿ ಅವಳ ಎದೆಯಡಿಗೇ ತೂರಿಕೊಂಡಿತ್ತು. ನಾಯಿ ಇರುವ ತನಕ ಹಸು ಬಿಡುವುದಿಲ್ಲ.

ಐರಿಸ್‌ಗೆ ಓಡಬೇಕೆನ್ನಿಸಿತು. ಕಾಲುಗಳು ತಿರುಗಿಯೂ ಬಿಟ್ಟಿದ್ದವು. ಒಂದು ಉಸಿರಿನಷ್ಟು ಹೊತ್ತು ಅವಳು ನಿಜಕ್ಕೂ ಒಬ್ಬಳೇ ಹೊರಟಿದ್ದಳು. ಆಮೇಲೆ ಹೆಗಲಿನ ಚೀಲ ಕಳಚಿ ಹಸುವಿನ ಮುಖಕ್ಕೆ ಬೀಸಿ ಹೊಡೆದಳು. ಚೀಲದೊಳಗಿನ ಚಹಾದ ಫ್ಲಾಸ್ಕು ಮೂಗಿಗೆ ಬಡಿದು, ಹಸು ತಲೆ ಕೊಡವಿ ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

ಅಷ್ಟರಲ್ಲಿ ಅವಳು ಮೊಣಕಾಲೂರಿ ಹಗ್ಗಕ್ಕೆ ಕೈ ಹಾಕಿದ್ದಳು. ಉಗುರಿಗೆ ಬರಲಿಲ್ಲ. ಬಾಯಿ ಹಾಕಿ ಹಲ್ಲಿನಿಂದ ಒಂದು ಸುತ್ತು ಎತ್ತಿದಳು. ಚರ್ಮವೂ ಹಲ್ಲಿಗೆ ಸಿಕ್ಕಿತು, ರಕ್ತದ ರುಚಿ ಬಂತು. ತಲೆಯ ಮೇಲೆಯೇ ಹಸುಗಳ ಬಿಸಿ ಉಸಿರು, ಜೊಲ್ಲು. ಸುತ್ತಲೂ ಕಾಲುಗಳು, ಆಚೆಗೆ ಆಕಾಶವೇ ಇಲ್ಲ. ಎರಡನೆಯ ಸುತ್ತು ಬಿಚ್ಚಿತು. ಟಗ್ ಕಾಲುಗಳ ಸಂದಿಯಿಂದ ಬಿಳಿ ಗೆರೆಯ ಹಾಗೆ ನುಗ್ಗಿ ಓಡಿತು. ಹಿಂಡು ಹೊರಳಿಕೊಂಡು ಅದರ ಹಿಂದೆ ಹೋಯಿತು.

"ಏಳು," ಎಂದಳು ಐರಿಸ್. "ಏಳು ಮಾರಾಯ್ತಿ, ವಾಪಸ್ ಬರ್ತವೆ."

ಮೇವಿಸ್ ತುಟಿ ಆಡಿಸಿದಳು. ದನಿ ಬರಲಿಲ್ಲ.

ಆಚೆ ತುದಿಯ ಮೆಟ್ಟಿಲಿನವರೆಗೆ ಎಳೆದೊಯ್ಯುವುದು ಆಗದ ಮಾತು. ಹತ್ತಿರ ಇದ್ದದ್ದು ಒಂದೇ: ಹಾಸ್ಕಿನ್‌ನ ತಂತಿ. ಐರಿಸ್ ಅವಳ ಕಂಕುಳಿಗೆ ಕೈ ಕೊಟ್ಟು ಹಿಮ್ಮುಖವಾಗಿ ಎಳೆದಳು. ಎಳೆಯುವುದು, ನೋಡುವುದು, ಎಳೆಯುವುದು. ನಾಯಿ ಎದುರು ಬದಿಯ ಬೇಲಿಯೊಳಗೆ ತೂರಿ ಮಾಯವಾಗಿತ್ತು. ಹಸುಗಳು ಬೇಲಿಯ ಮುಂದೆ ನಿಂತು ಮೂಸುತ್ತಿದ್ದವು. ಆಮೇಲೆ ಆ ತಾಯಿಹಸು ತಿರುಗಿ ಇವರನ್ನು ನೋಡಿತು. ಹೊರಟಿತು.

ಐರಿಸ್ ತಂತಿಯ ಕಡೆ ನೋಡಲೂ ಇಲ್ಲ. ಬೆನ್ನಿನಿಂದಲೇ ಅದನ್ನು ಎತ್ತಿ ನುಸುಳಿದಳು. ಕರೆಂಟು ಭುಜಕ್ಕೆ ಸುತ್ತಿಗೆಯ ಹಾಗೆ ಬಡಿಯಿತು, ಮತ್ತೆ ಬಡಿಯಿತು. ಕೈ ಬಿಡಲಿಲ್ಲ. ಮೇವಿಸ್‌ನ ಬೂಟುಗಳು ತಂತಿಯ ಅಡಿಯಿಂದ ಈಚೆಗೆ ಬಂದವು. ಹಸು ಅಲ್ಲಿಗೆ ಬಂದು, ತಂತಿಯಿಂದ ಗೇಣು ದೂರದಲ್ಲಿ ನಿಂತು, ಬುಸುಗುಟ್ಟಿತು. ದಾಟಲಿಲ್ಲ. ಐರಿಸ್ ಮೇವಿಸ್‌ನ ಮೇಲೆ ಮೈಚೆಲ್ಲಿ ಅದರ ಕಣ್ಣನ್ನೇ ನೋಡುತ್ತ ಬಿದ್ದಿದ್ದಳು. ತಂತಿ ನಿಲ್ಲುತ್ತದೆ ಎಂದು ಅವಳಿಗೆ ಆಗಲೂ ನಂಬಿಕೆ ಬಂದಿರಲಿಲ್ಲ.

ಹಾಸ್ಕಿನ್ ಓಟದಲ್ಲಿ ಬೂಟು ಕಳಚಿಹೋಗಿ ಬರೀ ಕಾಲುಚೀಲದಲ್ಲಿ ಓಣಿಯ ಉದ್ದಕ್ಕೂ ಓಡಿಬಂದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಆಂಬುಲೆನ್ಸ್‌ಗೆ ಹೆಂಡತಿ ಫೋನ್ ಮಾಡಿದಾಳೆ," ಎಂದ. "ಅಲುಗಿಸ್ಬೇಡಿ ಮಿಸೆಸ್ ಪ್ರಿಚೆಟ್. ಉಸಿರಾಡ್ತಿದಾರಾ?"

"ಆಡ್ತಿದಾಳೆ."

ಅವನು ತನ್ನ ಕೋಟು ಬಿಚ್ಚಿ ಮೇವಿಸ್‌ಗೆ ಹೊದಿಸಿದ. ಕೌನ್ಸಿಲ್ಲಿನ ಮಾತು ಆಡಲಿಲ್ಲ, ಹಲಗೆಯ ಮಾತೂ ಆಡಲಿಲ್ಲ. ಆಡಿದ್ದರೆ ಐರಿಸ್‌ಗೆ ಎಷ್ಟೋ ಹಗುರಾಗುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವಳಿಗೆ ನಾಲ್ಕನೆಯ ಕಾಲನ್ನು ಯಾರಾದರೂ ಬೈದು ತೋರಿಸಿದರೆ ಅದೇ ಒಂದು ಸಮಾಧಾನ.

ಮೇವಿಸ್‌ಗೆ ನಾಲ್ಕು ಪಕ್ಕೆಲುಬು ಮುರಿದಿದ್ದವು, ಒಂದು ಶ್ವಾಸಕೋಶಕ್ಕೆ ತೂತಾಗಿತ್ತು. ಮೊದಲ ರಾತ್ರಿ ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಿಲ್ಲ. ಐರಿಸ್ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಯಂತ್ರ ಬೀಪ್ ಎಂದಾಗಲೆಲ್ಲ ಹಿಂಡು ಬಂತೆಂದು ಬೆಚ್ಚುತ್ತಿದ್ದಳು. ವಾರ ಕಳೆದ ಮೇಲೆ ಮೇವಿಸ್ ಮಾತಾಡುವಷ್ಟಾದಳು. ಟಗ್ ಎಲ್ಲಿ ಎಂದು ಮೊದಲು ಕೇಳಿದಳು. ಹಾಸ್ಕಿನ್‌ನ ಅಡುಗೆಮನೆಯಲ್ಲಿ ಅವನ ಬೆಕ್ಕನ್ನು ಓಡಿಸಿ ಸಾಸೇಜು ತಿನ್ನುತ್ತಿದೆ ಎಂದಳು ಐರಿಸ್.

ಮೇವಿಸ್ ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು. ಆಮೇಲೆ ಕೇಳಿದಳು:

"ಒಂದು ಮಾತು ಹೇಳು. ಅವತ್ತು ನೀನು ನನ್ ಜೊತೆ ನಡೀತಿದ್ಯೋ, ಹಾಸ್ಕಿನ್ ಜೊತೇನೋ?"

"ಹಾಸ್ಕಿನ್ ಜೊತೆ," ಎಂದಳು ಐರಿಸ್.

"ಹೂಂ. ನಂಗೂ ಹಾಗೇ ಅನ್ನಿಸ್ತು." ಬೈದಂತಿರಲಿಲ್ಲ. ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿಕೊಂಡಳು. "ನೀರು ಕೊಡು."

ಐರಿಸ್ ನೀರು ಕೊಟ್ಟಳು. ಲೋಟ ಹಿಡಿಯಲು ಮೇವಿಸ್‌ನ ಬೆರಳಿಗೆ ಆಗಲಿಲ್ಲ, ಐರಿಸ್ ತಾನೇ ಅವಳ ತುಟಿಗೆ ಹಿಡಿದಳು. ಮೇವಿಸ್‌ನ ಮಣಿಕಟ್ಟಿನಲ್ಲಿ ಹಲ್ಲಿನ ಗುರುತು ಇನ್ನೂ ನೀಲಿಯಾಗಿತ್ತು.

ಆ ವಾರವೇ ಐರಿಸ್ ತನ್ನ ತಕರಾರನ್ನು ವಾಪಸು ತೆಗೆದುಕೊಂಡಳು. ಶರತ್ಕಾಲದ ಹೊತ್ತಿಗೆ ಊರದಾರಿ ಅಂಚಿಗೆ ಸರಿಯಿತು. ನಡುದಾರಿಯಿದ್ದ ಕಡೆ ಹುಲ್ಲು ಕೂಡಿಕೊಂಡು, ಹೊಸಬರಿಗೆ ಗುರುತೇ ಸಿಗದಂತಾಯಿತು. ಮೇವಿಸ್ ಬದುಕಿದಳು, ಟಗ್ ಕೂಡ ಬದುಕಿತು. ಈಗ ಅವಳು ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲ. ನಾಯಿ ಕರೆದುಕೊಂಡು ಡಾಂಬರು ರಸ್ತೆಯಲ್ಲಿ ಒಬ್ಬಳೇ ಹೋಗಿಬರುತ್ತಾಳೆ. ಮಂಗಳವಾರ ಚಹಾಕ್ಕೆ ಬಂದು ಐರಿಸ್‌ನ ಪಕ್ಕದಲ್ಲೇ ಕೂರುತ್ತಾಳೆ, ಕೇಕಿನಲ್ಲಿ ಅರ್ಧ ಕೊಡುತ್ತಾಳೆ. ಆದರೆ ಐರಿಸ್‌ನ ಹಿಂದೆ ನಡೆಯಲು ಮಾತ್ರ ಮತ್ತೆಂದೂ ಬರಲಿಲ್ಲ.