ಜೂನ್‌ನಲ್ಲಿ ಬಂದ ಫೆಬ್ರವರಿ ಸಿನಿಮಾ

ಖಾಲಿ ಥಿಯೇಟರಿನಲ್ಲಿ ಕೂತು ತೂಕಡಿಸುವುದೆಂದರೆ ಸಾಲೇಹಾಳಿಗೆ ಪ್ರಾಣ. ಹರಿಹರದಲ್ಲಿ ಹುಟ್ಟಿ, ಡೆಟ್ರಾಯಿಟ್ ಮಗ್ಗುಲಿನ ಊರಿನಲ್ಲಿ ಹಳೇ ಥಿಯೇಟರೊಂದನ್ನು ಭಾನುವಾರಗಳ ಮಟ್ಟಿಗೆ ಬಾಡಿಗೆಗೆ ಹಿಡಿದು ಹಿಂದಿ ಸಿನಿಮಾ ತೋರಿಸುವ ಹೆಂಗಸಿಗೆ ಅದಕ್ಕಿಂತ ಸುಖ ಇನ್ಯಾವುದಿದೆ, ನೀವೇ ಹೇಳಿ. ಸಮೋಸ ಕರಿದಾಗಿರುತ್ತದೆ, ಜನ ಇನ್ನೂ ಬಂದಿರುವುದಿಲ್ಲ. ಎ.ಸಿ. ಗುಂಯ್ ಎನ್ನುತ್ತಿರುತ್ತದೆ. ಅರೆಗಣ್ಣಿಗೆ ಆ ಬಿಳೀ ಪರದೆಯ ಮೇಲೆ ತುಂಗಭದ್ರೆ ಹರಿದಂತೆ, ದಡದಲ್ಲಿ ಯಾರೋ ಬಟ್ಟೆ ಒಗೆದಂತೆ ಕಾಣುತ್ತದೆ. ಅದು ಅವಳ ಸ್ವಂತ ಸಿನಿಮಾ, ಟಿಕೆಟ್ಟಿಲ್ಲ.

ಎರಡು ಸಾವಿರದ ಇಸವಿಯ ಜೂನ್ ತಿಂಗಳ ಆ ಭಾನುವಾರ ನದಿ ಅರ್ಧ ಹರಿಯುವಷ್ಟರಲ್ಲಿ ಫೋನ್ ಬಂತು. ಏರ್‌ಪೋರ್ಟಿನಿಂದ ಗಂಡ ಫಜಲುಲ್ಲಾ. ಹಿಂದಿ ಸಿನಿಮಾದ ರೀಲುಗಳು ವಿಮಾನದಲ್ಲಿ ಬಂದಿಲ್ಲವಂತೆ, ನಾಳೆ ಬರಬಹುದಂತೆ.

"ನಾಳೆ ಬಂದ್ರೆ ಏನ್ ಉಪ್ಪಿನಕಾಯಿ ಹಾಕ್ಲಾ? ಎರಡು ಗಂಟೆಗೆ ಶೋ ಐತಿ!" ಎಂದು ಸಾಲೇಹಾ ಫೋನ್ ಕುಕ್ಕಿದಳು. ಕುಕ್ಕಿದ ಸದ್ದಿಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ವರ್ನೀಟಾ ತಲೆ ಎತ್ತಿದಳು.

ವರ್ನೀಟಾ ಡೆಟ್ರಾಯಿಟ್‌ನ ಕಪ್ಪು ಹುಡುಗಿ. ಹುಡುಗಿ ಎಂದರೂ ಮೂವತ್ತೈದು ದಾಟಿತ್ತು. ವರ್ಷದಿಂದ ಪ್ರತಿ ಭಾನುವಾರ ಬಂದು, ಹಿಂದಿಯ ಒಂದು ಅಕ್ಷರ ತಿಳಿಯದಿದ್ದರೂ ಎಲ್ಲರೂ ಅಳುವ ಕಡೆ ತಾನೂ ಅತ್ತು, ಇಂಟರ್ವಲ್‌ನಲ್ಲಿ ನಾಲ್ಕು ಸಮೋಸ ತಿಂದು ಹೋಗುತ್ತಿದ್ದವಳು. ಹಾಗೆಯೇ ಇಬ್ಬರಿಗೂ ಸ್ನೇಹ ಬೆಳೆದಿತ್ತು. ಆರು ವರ್ಷ ಲೈಬ್ರರಿಯಲ್ಲಿ ದುಡಿದು ಅವಳೂ ಒಂದು ಸಿನಿಮಾ ಮಾಡಿದ್ದಳು. ಹೆಸರು 'ಓಪಲ್ಸ್ ಸಂಡೇ'. ಆ ಸಿನಿಮಾದ ನಾಲ್ಕು ಡಬ್ಬಿಗಳು ಕಾರಿನ ಡಿಕ್ಕಿಯಲ್ಲಿ, ಕಾಂಟ್ರ್ಯಾಕ್ಟ್ ಕಾಗದ ಕೈಚೀಲದಲ್ಲಿ. ಶಿಕಾಗೋದ ಒಂದು ಸಿನಿಮಾ ಹಂಚುವ ಕಂಪನಿ ಕಳಿಸಿದ್ದು. ಸೋಮವಾರ ಬೆಳಿಗ್ಗೆಯೊಳಗೆ ಸೈನ್ ಮಾಡಿ ಫ್ಯಾಕ್ಸ್ ಮಾಡಬೇಕು. ಮಾಡಿದರೆ ಸಿನಿಮಾ ಅವರ 'ಬ್ಲ್ಯಾಕ್ ಸಿನಿಮಾ' ಸಾಲಿನಲ್ಲಿ ಸೇರುತ್ತದೆ, ವರ್ಷಕ್ಕೊಮ್ಮೆ, ಕಪ್ಪು ಜನರ ಚರಿತ್ರೆಯ ತಿಂಗಳೆಂದು ಈ ದೇಶ ಆಚರಿಸುವ ಫೆಬ್ರವರಿಯಲ್ಲಿ ಮಾತ್ರ ತೋರಿಸುತ್ತಾರೆ.

"ಆ ಹೆಸರಿದ್ರೆ ಜನ ಹುಡುಕ್ಕೊಂಡು ಬರ್ತಾರೆ, ಇಲ್ದಿದ್ರೆ ಯಾರ ಕಣ್ಣಿಗೂ ಬೀಳಲ್ಲ ಅಂತಾನೆ ಆ ಕಂಪನಿ ಮನುಷ್ಯ," ಎಂದಿದ್ದಳು ವರ್ನೀಟಾ ಬೆಳಿಗ್ಗೆ, ಇಂಗ್ಲಿಷಿನಲ್ಲಿ. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. "ಇರಬಹುದು. ಆದ್ರೆ ರಜಾಯಿ ತೆಗೆದ ಹಾಗೆ ಫೆಬ್ರವರೀಲಿ ನಮ್ಮನ್ನ ತೆಗೀತಾರೆ, ಮಾರ್ಚಿಗೆ ಮಡಚಿಡ್ತಾರೆ. ಯಾರದ್ದು ಅಂತ ಏನೂ ಬರೀದೆ ಇಟ್ಟ ನನ್ನ ಸಿನಿಮಾನ ಯಾರೋ ಗೊತ್ತಿಲ್ಲದ ಜನ ಕೊನೇತನಕ ಕೂತು ನೋಡೋದನ್ನ ನಾನು ಒಂದೇ ಒಂದು ಸಲ ನೋಡಬೇಕು, ಸಾಲೇಹಾ. ನೋಡಿದ್ರೆ ಸೈನ್ ಮಾಡಲ್ಲ."

ಈಗ ಸಾಲೇಹಾ ಎದ್ದು ನಿಂತಳು. ಅವಳದು ಹಾಗೆ, ಯೋಚನೆಗಿಂತ ಮೊದಲು ಕಾಲು ಎದ್ದಿರುತ್ತದೆ.

"ಡಬ್ಬಿ ತಗೊಂಡು ಬಾ," ಎಂದಳು.

ಪ್ರೊಜೆಕ್ಟರ್ ಓಡಿಸುವ ಮೈದುನ ಮುಯೀನ್ ಹೊರಗೆ ಏಣಿ ಹತ್ತಿ, ಬೋರ್ಡಿನ ಮೇಲೆ ಸದಾ ಇರುವ 'ಇಂಡಿಯನ್ ಮೂವಿ' ಅಕ್ಷರಗಳನ್ನು ಕಿತ್ತು, "ಭಾಭಿ, ಇದು ಯಾರ ಸಿನಿಮಾ ಅಂತ ಬರೀಲಿ?" ಎಂದು ಕೂಗಿದ.

"ಯಾರದ್ದೂ ಅಂತ ಬರೀಬೇಡ. ಬರೀ ಹೆಸರು ಸಾಕು. ಊಟ ಬಡಿಸೋವಾಗ ಯಾರಾದ್ರೂ ಅಡಿಗೆಯವಳ ಕುಲ ಹೇಳ್ತಾರೇನು?" ಎಂದಳು ಸಾಲೇಹಾ. ತನ್ನ ಮಾತು ತನಗೇ ಬಹಳ ಹಿಡಿಸಿತು.

ಎರಡು ಗಂಟೆಗೆ ನಾರ್ತ್‌ವಿಲ್ ಕಡೆಯ ಇಂಡಿಯಾದ ಸಂಸಾರಗಳೆಲ್ಲ ಬಂದವು. ಸಾಲೇಹಾ ಪರದೆಯ ಮುಂದೆ ನಿಂತು ಇರುವುದನ್ನು ಇದ್ದ ಹಾಗೆ ಹೇಳಿದಳು: ಹಿಂದಿ ಸಿನಿಮಾ ಬಂದಿಲ್ಲ, ಬೇರೊಂದು ಇದೆ, ಬೇಡವಾದವರು ಟಿಕೆಟ್ ವಾಪಸ್ ಕೊಡಬಹುದು. ಅರ್ಧ ಜನ ಗೊಣಗಿಕೊಂಡು ಹೋದರು. ನಲವತ್ತು ಜನ ಉಳಿದರು. ಸಿನಿಮಾದ ಆಸೆಯೋ ಸಮೋಸದ ಆಸೆಯೋ ದೇವರೇ ಬಲ್ಲ. ಮುಂದಿನ ಸಾಲಿನಲ್ಲಿ ಚಿಕ್ಕತಾಯಮ್ಮ ಕಾಲು ಮಡಚಿ ಕೂತರು. ಮಂಡ್ಯ ಕಡೆಯವರು, ಸಾಫ್ಟ್‌ವೇರಿನ ದೀಪುವಿನ ತಾಯಿ, ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದವರು.

ದೀಪ ಆರಿತು. ಪರದೆಯ ಮೇಲೆ ಹಿಮ ಬೀಳತೊಡಗಿತು. ಹೊರಗೆ ಎಂಬತ್ತೆಂಟು ಫ್ಯಾರನ್‌ಹೀಟ್ ಬಿಸಿಲು, ಒಳಗೆ ಹಿಮ. ಓಪಲ್ ಎಂಬ ಪುಟ್ಟ ಹುಡುಗಿ ತೀರಿಕೊಂಡ ಅಜ್ಜಿಯ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಚಿಕ್ಕಮ್ಮನಿಗೆ ಮುಟ್ಟಿಸಲೆಂದು ಬಸ್ಸಿನಲ್ಲಿ ಹೋಗುತ್ತಾಳೆ. ಕೋಟಿನ ಜೇಬಿನಿಂದ ಅಜ್ಜಿಯ ಗುನುಗು ಕೇಳುತ್ತದೆ. ಮನೆಗಳು ನಿದ್ದೆಯಲ್ಲಿ ನಡೆದ ಹಾಗೆ ಹಿಂದಕ್ಕೆ ಸರಿಯುತ್ತವೆ. ಆಮೇಲೆ ಒಂದು ಅಡುಗೆಮನೆ. ಒಲೆಯ ನೀಲಿ ಉರಿ, ಅದರ ಮೇಲೆ ಕಾಯುವ ಕಬ್ಬಿಣ. ಮುಖವಿಲ್ಲ, ತಾಯಿಯ ಎರಡು ಕೈ ಮಾತ್ರ ಕಾಣುತ್ತವೆ. ಆ ಕೈ ಹೊಗೆಯಾಡುವ ಕಬ್ಬಿಣವನ್ನು ಹುಡುಗಿಯ ತಲೆಯ ಬಳಿ ತರುತ್ತದೆ. ಹುಡುಗಿ ಕಿವಿಯನ್ನು ಮಡಚಿ ಹಿಡಿದುಕೊಂಡು ಕಣ್ಣು ಮುಚ್ಚುತ್ತಾಳೆ. ಚುರ್ ಎಂಬ ಸದ್ದು.

ಥಿಯೇಟರಿನ ತುಂಬ ಅಯ್ಯೋ ಎಂಬ ಸದ್ದೆದ್ದಿತು. ಸಾಲೇಹಾಳಿಗೆ ಕಾಮಾಲೆಗೆಂದು ತನ್ನ ತಂಗಿಯ ಕೈಗೆ ಬರೆ ಹಾಕಿದ ದಿನ ನೆನಪಾಯಿತು.

ಅಷ್ಟರಲ್ಲಿ ಪಕ್ಕನೆ ದೀಪ ಹತ್ತಿತು! ಎರಡನೇ ಡಬ್ಬಿ ಮುಗಿದಿತ್ತು. ಮುಯೀನ್ ಅಭ್ಯಾಸಬಲದಿಂದ ಇಂಟರ್ವಲ್ ಕೊಟ್ಟುಬಿಟ್ಟಿದ್ದ. ಒಂದೂಕಾಲು ಗಂಟೆಯ ಸಿನಿಮಾಕ್ಕೆ ಯಾರಾದರೂ ಇಂಟರ್ವಲ್ ಕೊಡುತ್ತಾರೆಯೇ?

ವರ್ನೀಟಾ ಹೌಹಾರಿ ಎದ್ದಳು. "ಇದಕ್ಕೆ ಇಂಟರ್ವಲ್ ಇಲ್ಲ! ಕನಸು ಒಡೆದು ಹೋಯ್ತು, ಇನ್ನು ಯಾರೂ ವಾಪಸ್ ಬರಲ್ಲ!"

ಆದರೆ ಸಮೋಸದ ಮುಂದೆ ಸೇರಿದ ಜನ ಮನೆಯ ದಾರಿ ಹಿಡಿಯಲಿಲ್ಲ. ತಟ್ಟೆ ಹಿಡಿದು ಜಗಳಕ್ಕೆ ನಿಂತರು. ಕೋಟನ್ನು ಆ ಹುಡುಗಿ ಯಾರಿಗೂ ಕೊಡಬಾರದು ಎಂದರು ಕೆಲವರು, ಚಿಕ್ಕಮ್ಮನಿಗೆ ಕೊಡಬೇಕು ಎಂದರು ಕೆಲವರು. ಚಿಕ್ಕತಾಯಮ್ಮ ಸಾಲೇಹಾಳ ತೋಳು ಹಿಡಿದು ಕಣ್ಣೊರೆಸಿಕೊಂಡರು.

"ಅಲ್ಲ ಕಣವ್ವ, ಆ ಕೂಸು ಏನ್ ತೆಪ್ಪು ಮಾಡ್ತು ಅಂತ ಬರೆ ಹಾಕುದ್ಲು? ಕಾದ ಕಬ್ಣವ ಕಿವಿ ತಾವ್ಕೇ ತಂದ್ಲಲ್ಲ, ಅವಳ ಕೈ ಸೇದೋಗ!"

"ಏನಂತಾರೆ?" ಎಂದಳು ವರ್ನೀಟಾ ಆಸೆಯಿಂದ.

"ಆ ಹುಡುಗೀನ ನೆನೆಸ್ಕೊಂಡು ಸಂಕಟ ಪಡ್ತಾ ಇದಾರೆ," ಎಂದಳು ಸಾಲೇಹಾ. ಶಾಪವನ್ನು ನುಂಗಿಕೊಂಡಳು.

ಎಲ್ಲರೂ ವಾಪಸ್ ಬಂದು ಕೂತರು. ಬಸ್ಸು ಹಿಮದ ಮೇಲೆ ತೇಲಿ ನದಿ ದಾಟಿತು. ಕೊನೆಗೆ ಓಪಲ್ ಆ ದೊಡ್ಡ ಕೋಟಿನೊಳಗೆ ತಾನೇ ತೂರಿ ನಿದ್ದೆ ಹೋದಳು. ಗುನುಗು ನಿಂತಿತು. ಚಿಕ್ಕತಾಯಮ್ಮ ಬಿಕ್ಕಿ ಬಿಕ್ಕಿ ಅತ್ತರು. ಒಬ್ಬರೂ ನಡುವೆ ಎದ್ದು ಹೋಗಿರಲಿಲ್ಲ. ವರ್ನೀಟಾಳ ಕಾಲು ನೆಲದ ಮೇಲೆ ಇರಲಿಲ್ಲ. "ಸೈನ್ ಮಾಡಲ್ಲ, ಸಾಲೇಹಾ! ಮಾಡಲ್ಲ!" ಎನ್ನುತ್ತ ಅವಳನ್ನು ತಬ್ಬಿಕೊಂಡಳು.

ಜನ ಹೋದ ಮೇಲೆ ಇಬ್ಬರೂ ಡಬ್ಬಿಗಳನ್ನು ಕಾರಿಗೆ ಹೊತ್ತು ತಂದರು. ಬಸ್‌ಸ್ಟಾಪಿನಲ್ಲಿ ಒಬ್ಬ ಕಪ್ಪು ಹೆಂಗಸು ಕೂತಿದ್ದಳು, ಎದುರಿನ ನರ್ಸಿಂಗ್ ಹೋಮಿನ ನೀಲಿ ಉಡುಪು, ಐವತ್ತರ ಆಚೆಯ ವಯಸ್ಸು. ಡಬ್ಬಿ ಏನೆಂದು ಕೇಳಿದಳು. ತನ್ನ ಸಿನಿಮಾ ಎಂದಳು ವರ್ನೀಟಾ, ಬೋರ್ಡು ತೋರಿಸಿ.

"ನಿಂದಾ? ನಮ್ಮ ಹುಡುಗೀದಾ?" ಆ ಹೆಂಗಸು ಎದ್ದೇಬಿಟ್ಟಳು. "ಮಧ್ಯಾಹ್ನದಿಂದ ಕಿಟಕೀಲಿ ಆ ಬೋರ್ಡ್ ನೋಡ್ತಾನೇ ಇದೀನಿ. ಇದು ಇಂಡಿಯಾದವರ ಹಾಲ್, ಅವರದ್ದೇ ಇನ್ನೊಂದು ಅಂದ್ಕೊಂಡೆ. ಒಂದು ಗಂಟೆ ರಜ ಕೇಳಿ ಬರ್ತಿದ್ದೆನಲ್ಲ ಮಗೂ! ನಮ್ಮದು ಅಂತ ಒಂದು ಮಾತು ಬರೀಬಾರದಿತ್ತಾ?"

ವರ್ನೀಟಾಳ ಮುಖ ಸಪ್ಪಗಾಯಿತು. ಸಾಲೇಹಾಳಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಏನೂ ಬರೆಯದೆ ಬಿಟ್ಟೆ ಎಂದುಕೊಂಡಿದ್ದಳಲ್ಲ, ಇಂಡಿಯಾದವರದ್ದು ಎಂದು ಗೋಡೆಯೇ ಬರೆದುಬಿಟ್ಟಿತ್ತು. ಕೋಪ ಬಂತು, ತನ್ನ ಮೇಲೆಯೇ.

"ಮುಯೀನ್!" ಎಂದು ಕೂಗಿದಳು. "ಡಬ್ಬಿ ವಾಪಸ್ ತಗೋ. ಇನ್ನೊಂದು ಶೋ ಐತಿ. ಇಂಟರ್ವಲ್ ಕೊಟ್ಟೀಯಾ ಜೋಕೆ!"

ಇಡೀ ಹಾಲಿಗೆ ಮೂವರೇ ಹೆಂಗಸರು. ಮತ್ತೆ ಹಿಮ, ಮತ್ತೆ ಬಸ್ಸು, ಮತ್ತೆ ನೀಲಿ ಉರಿ. ತಾಯಿಯ ಕೈ ಬಂತು, ಹುಡುಗಿ ಕಿವಿ ಹಿಡಿದುಕೊಂಡಳು. ಸಾಲೇಹಾ ಕಣ್ಣು ಮುಚ್ಚಿದಳು.

ಆ ಹೆಂಗಸು ಗೊಳ್ಳೆಂದು ನಕ್ಕಳು.

ಸಾಲೇಹಾ ಬೆಚ್ಚಿ ತಿರುಗಿದಳು. ಕತ್ತಲಲ್ಲಿ ಆ ಹೆಂಗಸು ತನ್ನ ಕಿವಿಯನ್ನೂ ಹಾಗೆಯೇ ಮಡಚಿ ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು. "ಈಸ್ಟರ್ ಹಿಂದಿನ ದಿನ! ದೇವರೇ, ಆ ಸುಟ್ಟ ಎಣ್ಣೆ ವಾಸನೆ! ಅಲ್ಲಾಡಬೇಡ ಅಂತ ಬಾಚಣಿಗೇಲೇ ಮೊಟಕ್ತಿದ್ಲು ನಮ್ಮಮ್ಮ!"

ಬಾಚಣಿಗೆ. ಗುಂಗುರು ಕೂದಲು ನೆಟ್ಟಗಾಗಲೆಂದು ಒಲೆಯ ಮೇಲೆ ಕಾಯಿಸುವ ಕಬ್ಬಿಣದ ಬಾಚಣಿಗೆ! ಹಬ್ಬಕ್ಕೆ ತಾಯಿ ಮಗಳ ತಲೆ ಬಾಚುತ್ತಿದ್ದಾಳೆ, ಅಷ್ಟೇ. ನಲವತ್ತು ಜನ ಆ ತಾಯಿಯನ್ನು ರಾಕ್ಷಸಿ ಮಾಡಿಕೊಂಡು ಮನೆಗೆ ಹೋಗಿದ್ದರು. ಸಾಲೇಹಾ ನಾಚಿಕೆಯಿಂದ ಮುದುಡಿದಳು.

ಸಿನಿಮಾ ಮುಗಿದು ಆ ಹೆಂಗಸು ವರ್ನೀಟಾಳ ಕೆನ್ನೆ ಹಿಡಿದು ಮುತ್ತು ಕೊಟ್ಟು ಬಸ್ಸು ಹತ್ತಿದ ಮೇಲೆ, ಸಾಲೇಹಾ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಬರೆ ಎಂದುಕೊಂಡಿದ್ದು, ಚಿಕ್ಕತಾಯಮ್ಮ ಆ ಕೈಗೆ ಶಾಪ ಹಾಕಿದ್ದು, ಯಾವುದನ್ನೂ ಬಿಡಲಿಲ್ಲ.

ವರ್ನೀಟಾ ಹೇಳಿದಳು: "ಅದು ನಮ್ಮಮ್ಮನ ಕೈ. ನಿಜವಾಗಲೂ ಅವಳದ್ದೇ. ಶೂಟಿಂಗ್ ಮುಗಿದು ಎರಡು ತಿಂಗಳಿಗೆ ಹೋಗಿಬಿಟ್ಲು." ಕೈಚೀಲದಿಂದ ಕಾಗದ ತೆಗೆದು ಸಮೋಸದ ಕೌಂಟರಿನ ಮೇಲೆ ಹರಡಿದಳು. "ಸೈನ್ ಮಾಡ್ತೀನಿ. ಅವಳ ಕೈ ಗುರುತು ಹಿಡಿಯೋರಾದ್ರೂ ನೋಡಲಿ. ಫೆಬ್ರವರಿ ಅಂದ್ರೆ ಫೆಬ್ರವರಿ."

ಸಾಲೇಹಾಳಿಗೆ ಸುಮ್ಮನಿರಲು ಆಗಲಿಲ್ಲ. ದೀಪುವಿನ ಮನೆಗೆ ಫೋನ್ ಹಚ್ಚಿ ಚಿಕ್ಕತಾಯಮ್ಮನನ್ನು ಫೋನಿಗೆ ಕರೆಸಿದಳು. "ಅಮ್ಮಾ, ಅದು ಬರೆ ಅಲ್ರೀ, ಬಾಚಣಿಗೆ. ಮಗಳ ತಲೆ ಬಾಚ್ತಿದ್ಲು ಪಾಪ. ಆ ಕೈ ನಮ್ಮ ವರ್ನೀಟಾನ ತಾಯೀದು. ತೀರಿಕೊಂಡಾರ."

ಆ ಕಡೆಯಿಂದ ಕೌಂಟರಿನ ಆಚೆಗೂ ಕೇಳುವಷ್ಟು ಜೋರಾಗಿ ದನಿ ಬಂತು. "ಅಯ್ಯಯ್ಯೋ ಸಿವನೇ! ಹೋದೋರ ಕೈಗೆ ಕೆಟ್ ಮಾತಾಡ್ಬುಟ್ನಲ್ಲವ್ವಾ! ಬಾಚೋ ಕೈಗೆ! ಇನ್ನೊಂದ್ ಸಲ ತೋರ್ಸವ್ವ, ನಿನ್ ದಮ್ಮಯ್ಯ. ಆ ತಾಯಿ ಕೈಯ ಸರ್ಯಾಗಿ ನೋಡ್ಬೇಕು. ಯಾವತ್ತು ತೋರುಸ್ತೀಯ ಯೋಳು."

ಈ ಸಲ ಸಾಲೇಹಾ ಏನನ್ನೂ ನುಂಗದೆ ಮಾತಿಗೆ ಮಾತು ಇಂಗ್ಲಿಷಿಗೆ ತಂದಳು. ವರ್ನೀಟಾ ಪೆನ್ನು ತೆಗೆದುಕೊಂಡಳು. 'ಬ್ಲ್ಯಾಕ್ ಸಿನಿಮಾ' ಎಂದಿದ್ದುದನ್ನು ಹಾಗೇ ಬಿಟ್ಟಳು. 'ಫೆಬ್ರವರಿಯಲ್ಲಿ ಮಾತ್ರ' ಎಂದಿದ್ದ ಸಾಲಿನ ಮೇಲೆ ಕಾಗದ ಹರಿಯುವ ಹಾಗೆ ಗೀಟು ಎಳೆದಳು. ಕೆಳಗೆ ಸೈನ್ ಮಾಡಿದಳು.

"ಅವರು ಒಪ್ಪದಿದ್ರೆ?" ಎಂದಳು ಸಾಲೇಹಾ.

ವರ್ನೀಟಾ ಅವಳ ಕೈಯಿಂದ ಫೋನ್ ತೆಗೆದುಕೊಂಡಳು. "ಅಮ್ಮಾ," ಎಂದಳು, ಅಷ್ಟು ದಿನ ಇಂಟರ್ವಲ್‌ಗಳಲ್ಲಿ ಕೇಳಿ ಕಲಿತ ಒಂದೇ ಮಾತು. "ನೆಕ್ಸ್ಟ್ ಸಂಡೇ."

"ಸಂಡೇನಾ? ಬತ್ತೀನಿ ಕಣವ್ವ," ಎಂದರು ಚಿಕ್ಕತಾಯಮ್ಮ.