ಶ್ರುತಿಗೆ ಕೂತವನು

ಭದ್ರಾವತಿಯ ಕಾಗದನಗರದ ಪ್ರಕಾಶನಿಗೆ ಮೂವತ್ತಮೂರು ತುಂಬಿದ್ದರೂ ಅವನ ಮನೆಯ ಗೋಡೆಯ ಮೇಲಿನ ಪ್ರಕಾಶನಿಗೆ ಇನ್ನೂ ಒಂಬತ್ತೇ ವರ್ಷ. ಫೋಟೋದಲ್ಲಿ ಅವನು ಜರಿ ಅಂಚಿನ ಪಂಚೆ ಉಟ್ಟು, ತನ್ನ ತೋಳಿಗಿಂತ ಉದ್ದದ ಕ್ಲಾರಿನೆಟ್ ಹಿಡಿದು ಕೂತಿದ್ದಾನೆ. ಕೆಳಗೆ ‘ಬಾಲ ಪ್ರತಿಭೆ ಮಾಸ್ಟರ್ ಪ್ರಕಾಶ್, ಭದ್ರಾವತಿ, 1974’ ಎಂದು ಬರೆದಿದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು ಎಂದು ಆಗ ಊರೆಲ್ಲ ಆಡಿಕೊಂಡಿತ್ತು. ಪಾಪ, ಸಿರಿ ಮೊಳಕೆಯಲ್ಲೇ ನಿಂತುಬಿಟ್ಟಿತು. ಈಗ ಅವನು ಕಾಗದದ ಕಾರ್ಖಾನೆಯಲ್ಲಿ ಪಾಳಿಗೆ ಹೋಗುತ್ತಿದ್ದ, ಮದುವೆಗಳಲ್ಲಿ ಬ್ಯಾಂಡ್ ಸೆಟ್ಟಿನವರ ಜೊತೆ ಊದುತ್ತಿದ್ದ. ಚೆನ್ನಾಗಿಯೇ ಊದುತ್ತಿದ್ದ. ಆದರೆ ಮೀಸೆ ಬಂದವನು ಚೆನ್ನಾಗಿ ಊದಿದರೆ ಯಾರು ಬೆರಗಾಗುತ್ತಾರೆ? ಅದು ಅವನ ಕೆಲಸ ಅಂದುಕೊಂಡು ಊಟಕ್ಕೆ ಏಳುತ್ತಾರೆ.

ಅವನಿಗೆ ಕಲಿಸಿದವನು ಅಪ್ಪ ಪುಟ್ಟಯ್ಯ, ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮೇಲಿನ ಹಲ್ಲುಗಳು ಉದುರಿದ ಮೇಲೆ ಮುದುಕನಿಗೆ ಕ್ಲಾರಿನೆಟ್ ಕಚ್ಚಿ ಹಿಡಿಯಲು ಬರುತ್ತಿರಲಿಲ್ಲ. ಆದರೂ ತನ್ನ ಕರಿಮರದ ವಾದ್ಯವನ್ನು ಯಾರಿಗೂ ಕೊಟ್ಟಿರಲಿಲ್ಲ. ಪ್ರತಿ ಶುಕ್ರವಾರ ಅದನ್ನು ಬಿಚ್ಚಿ ಒರೆಸಿ, ಎಣ್ಣೆ ಸವರಿ, ಮತ್ತೆ ಪೆಟ್ಟಿಗೆಗೆ ಸೇರಿಸುತ್ತಿದ್ದ. ಪ್ರಕಾಶ ಹತ್ತು ವರ್ಷದಿಂದ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಬಾಯಿಬಿಟ್ಟು ಕೇಳಲಿಲ್ಲ. ಒಬ್ಬನೇ ಮಗ, ಇವತ್ತಲ್ಲ ನಾಳೆ ತನಗಲ್ಲದೆ ಇನ್ಯಾರಿಗೆ ಎಂಬ ಧೈರ್ಯ.

ಆ ಧೈರ್ಯಕ್ಕೆ ಎಳ್ಳುನೀರು ಬಿಟ್ಟವಳು ಎದುರು ಸಾಲಿನ ಕ್ವಾರ್ಟರ್ಸಿನ ಹುಲಿಗೆಮ್ಮನ ಮಗಳು ಸಂಘಮಿತ್ರಾ. ಏಳನೇ ವಯಸ್ಸಿನಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡು ಪ್ರಕಾಶ ಸಾಧಕ ಮಾಡುವುದನ್ನು ಕೇಳುತ್ತಿದ್ದ ಹುಡುಗಿ. ಬಾರಮ್ಮ ಒಳಗೆ ಎಂದು ಕರೆದವನು ಪುಟ್ಟಯ್ಯ. ಪ್ರಕಾಶ ಐದು ವರ್ಷದಲ್ಲಿ ಕಲಿತದ್ದನ್ನು ಅವಳು ಎರಡೇ ವರ್ಷದಲ್ಲಿ ಅರೆದು ಕುಡಿದಿದ್ದಳು.

ಕಲಿತರೆ ಕಲಿಯಲಿ, ಅದನ್ನಾದರೂ ಸಹಿಸಬಹುದು. ಪ್ರಕಾಶನಿಗೆ ಸಹಿಸಲಾಗದೆ ಹೋದದ್ದು ಒಂದೇ ಒಂದು ಮಾತು. ಪುಟ್ಟಯ್ಯ ಮಗನಿಗೆ ‘ಪರವಾಗಿಲ್ಲ’ ಎನ್ನುವುದಕ್ಕಿಂತ ಹೆಚ್ಚು ಯಾವತ್ತೂ ಅಂದವನಲ್ಲ. ಆ ಫೋಟೋ ತೆಗೆದ ದಿನವೂ ಅಷ್ಟೇ ಅಂದಿದ್ದ. ಅಂಥ ಮನುಷ್ಯ, ಈ ಹುಡುಗಿ ಮೋಹನ ರಾಗದಲ್ಲಿ ಒಂದು ಎಳೆ ಎಳೆದರೆ ಸಾಕು, ಬೊಚ್ಚು ಬಾಯಿ ತೆರೆದು ‘ಆಹಾ’ ಎನ್ನುತ್ತಿದ್ದ. ಆ ಆಹಾ ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು. ಪ್ರಕಾಶನಿಗೆ ಬಾಯಲ್ಲಿದ್ದ ತುತ್ತು ಇಳಿಯುತ್ತಿರಲಿಲ್ಲ.

“ಸಾರಿಗೆ ಉಪ್ಪೇ ಹಾಕಿಲ್ಲ,” ಎಂದು ಹೆಂಡತಿಯ ಮೇಲೆ ಹಾರಿದ ಒಂದು ದಿನ.

“ಉಪ್ಪು ಸರಿಯಾಗಿದೆ ಕಣ್ರೀ,” ಎಂದಳು ಭವಾನಿ. “ಆ ಮಗು ಊದಿದ್ರೆ ನಿಮಗೆ ಸಾರು ಯಾಕೆ ಕೆಡುತ್ತೆ ಅಂತ ನಂಗೊತ್ತು. ಮೂವತ್ತು ದಾಟಿದ ಗಂಡಸು, ಒಂಬತ್ತು ವರ್ಷದ ಹುಡುಗಿ ಮೇಲೆ ಹೊಟ್ಟೆಕಿಚ್ಚು ಪಡ್ತೀರಲ್ಲ!”

“ನಂಗ್ಯಾಕೆ ಹೊಟ್ಟೆಕಿಚ್ಚು? ಪೀಪಿ ಊದೋ ಮಕ್ಕಳು ಊರು ತುಂಬ ಇದಾವೆ,” ಎಂದು ಅವನು ಕೈತೊಳೆದು ಎದ್ದ. ಆದರೆ ಮಾರನೆಯ ದಿನವೂ ಬಾಗಿಲ ಹಿಂದೆ ನಿಂತು ಅವಳ ತಪ್ಪು ಎಣಿಸಿದ. ಸೋಮವಾರ ಮೂರು ಸಿಕ್ಕಿದ್ದವು, ಗುರುವಾರ ಒಂದೇ ಒಂದು. ಆ ವಾರವೆಲ್ಲ ಅವನ ಮುಖ ಹರಳೆಣ್ಣೆ ಕುಡಿದಂತಿತ್ತು.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಸಂಗೀತ ಸಭೆಯಿಂದ ಕಾಗದ ಬಂತು. ಪ್ರಕಾಶ ಒಂಬತ್ತನೇ ವಯಸ್ಸಿನಲ್ಲಿ ನುಡಿಸಿದ್ದು ಅದೇ ಸಭೆಯಲ್ಲಿ. ಈಗ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘಮಿತ್ರಾಳ ಕಛೇರಿ. ಕಾಗದ ಓದಿ ಮಡಿಚಿ ಪುಟ್ಟಯ್ಯ ಹೇಳಿದ:

“ಅವಳು ನನ್ನ ವಾದ್ಯದಲ್ಲೇ ನುಡಿಸ್ಲಿ. ಒಂದು ಗಂಟೆ ನಿಲ್ಲಿಸದೆ ನುಡಿಸಿದ್ಲು ಅಂದ್ರೆ ಅದು ಅವಳಿಗೇ. ನೀನು ಶ್ರುತಿಗೆ ಕೂರು.”

ಶ್ರುತಿಗೆ ಕೂರುವುದೆಂದರೆ ವಾದ್ಯಗಾರನ ಬೆನ್ನ ಹಿಂದೆ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಸುಮ್ಮನೆ ಕೂರುವುದು. ಹಿಂದೆ ಗಾಳಿ ತುಂಬಲು ತಿದಿಯನ್ನಾದರೂ ಒತ್ತಬೇಕಿತ್ತು. ಈಗಿನ ಕರೆಂಟಿನ ಪೆಟ್ಟಿಗೆಗೆ ಆ ಕೆಲಸವೂ ಇಲ್ಲ, ಗುಂಡಿ ತಿರುಗಿಸಿದರೆ ಮುಗಿಯಿತು. ವಾದ್ಯವೂ ಹೋಯಿತು, ಮೇಲೆ ಈ ಮರ್ಯಾದೆ. ಪ್ರಕಾಶನ ಹೊಟ್ಟೆ ಧಗಧಗ ಉರಿಯಿತು. ಆದರೂ ಅಪ್ಪನಿಗೆ ಎದುರಾಡಿ ಅಭ್ಯಾಸವಿಲ್ಲದವನು, “ಆಯ್ತು,” ಎಂದ.

ಭಾನುವಾರ ಸಭಾಂಗಣದಲ್ಲಿ ನೂರು ಜನ ಇದ್ದರು. ಹುಲಿಗೆಮ್ಮ ಮೂರನೇ ಸಾಲಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದಳು, ಪುಟ್ಟಯ್ಯ ಎಲ್ಲರಿಗಿಂತ ಮುಂದೆ. ಪಕ್ಕವಾದ್ಯಕ್ಕೆ ಒಂದು ಡೋಲು ಮಾತ್ರ. ಸಂಘಮಿತ್ರಾ ವಾದ್ಯದ ಬಾಯಿಯ ರೀಡನ್ನು ನಾಲಿಗೆಯ ಮೇಲಿಟ್ಟು ನೆನೆಸಿ, ಶ್ರುತಿ ಪೆಟ್ಟಿಗೆಗೆ ಸರಿಯಾಗಿ ಷಡ್ಜ ಸೇರಿಸಿಕೊಂಡಳು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಭಾಷಣ ಶುರುವಾದ್ದರಿಂದ ಪ್ರಕಾಶ ಪೆಟ್ಟಿಗೆ ಆರಿಸಿದ.

ಮೈಕಿನ ಮುಂದೆ ನಿಂತವನು ಸಭೆಯ ಕಾರ್ಯದರ್ಶಿ ಚಂದ್ರಶೇಖರಪ್ಪ, ಮೈಕು ಸಿಕ್ಕರೆ ಬಿಡದ ಆಸಾಮಿ. ಹುಡುಗಿಯನ್ನು ಬಾಯ್ತುಂಬ ಹೊಗಳಿ, ಕೊನೆಗೆ ಹಿಂದೆ ತಿರುಗಿ ನೋಡಿದ. “ಶ್ರುತಿಗೆ ಕೂತಿರೋರು ಯಾರು ಗೊತ್ತಾ? ನಮ್ಮ ಮಾಜಿ ಬಾಲ ಪ್ರತಿಭೆ!” ಎಂದ. ಮಾಜಿ ಶಾಸಕ, ಮಾಜಿ ಅಧ್ಯಕ್ಷ ಎಂಬ ಹಾಗೆ. ಜನ ನಕ್ಕರು. ಕೆಟ್ಟ ನಗುವೇನಲ್ಲ, ಆದರೆ ಸುಟ್ಟ ಗಾಯಕ್ಕೆ ಒಳ್ಳೆಯ ಉಪ್ಪು ಕೆಟ್ಟ ಉಪ್ಪು ಅಂತ ಇದೆಯೇ?

ಮತ್ತೆ ಪೆಟ್ಟಿಗೆ ಹಾಕುವಾಗ ಪ್ರಕಾಶನ ಹೆಬ್ಬೆರಳು ಗುಂಡಿಯನ್ನು ಒಂದು ಗೀಟು ಮೇಲೆ ಸರಿಸಿತು. ವಾದ್ಯದವರು ಶ್ರುತಿಯ ಎತ್ತರ ಎಣಿಸುವ ಲೆಕ್ಕದಲ್ಲಿ ಅರ್ಧ ಮನೆ. ಕೇಳುವವರಿಗೆ ಅದು ಏನೂ ಅಲ್ಲ. ನುಡಿಸುವವರಿಗೆ ಮಾತ್ರ ಕಲಿತ ಬೆರಳುಗಳೆಲ್ಲ ಸುಳ್ಳಾಗುತ್ತವೆ, ತೆರೆಯುವ ತೂತು ಮುಚ್ಚಬೇಕು, ಮುಚ್ಚುವುದನ್ನು ಅರ್ಧ ತೆರೆಯಬೇಕು. ಮಗು ಅಳುತ್ತದೆ, ಎರಡು ನಿಮಿಷ ಕಛೇರಿ ನಿಲ್ಲುತ್ತದೆ, ವಾದ್ಯ ಅವಳ ಕೈತಪ್ಪುತ್ತದೆ. ಅವನು ಯೋಚಿಸಿದ್ದು ಇಷ್ಟೇ. ಯೋಚಿಸಲು ಬೇಕಾದದ್ದೂ ಒಂದು ಗಳಿಗೆಯೇ.

ಸಂಘಮಿತ್ರಾ ಷಡ್ಜ ಊದಿದಳು. ಸೇರಲಿಲ್ಲ. ಅವಳ ಬೆನ್ನು ಸೆಟೆಯಿತು. ಅಳು ಬಂತು, ಈಗ ಬಂತು ಎಂದು ಪ್ರಕಾಶ ಕಾದ. ಅವಳು ಕ್ಲಾರಿನೆಟ್ ಇಳಿಸಿ, ರೀಡನ್ನು ಒಮ್ಮೆ ನೆಕ್ಕಿ, ತಲೆ ಓರೆ ಮಾಡಿ ಪೆಟ್ಟಿಗೆಯ ನಾದ ಕೇಳಿದಳು. ಊದದೆ ಬೆರಳುಗಳನ್ನು ಮಾತ್ರ ತೂತುಗಳ ಮೇಲೆ ಓಡಾಡಿಸಿದಳು. ಮತ್ತೆ ಊದಿದಾಗ ಷಡ್ಜ ಶ್ರುತಿಗೆ ಅಂಟಿಕೊಂಡಿತು. ಅಲ್ಲಿಂದ ಮೋಹನವನ್ನು ನಿಧಾನವಾಗಿ, ಕತ್ತಲೆಯಲ್ಲಿ ಮೆಟ್ಟಿಲು ಹತ್ತುವವರ ಹಾಗೆ ಒಂದೊಂದೇ ಸ್ವರ ತಡವಿ ನೋಡಿ ಏರಿಸಿದಳು. ಒಂದು ಕಡೆ ಜಾರಿದಳು. ಡೋಲು ಸೇರುವ ಹೊತ್ತಿಗೆ ಜಾರುವುದೂ ನಿಂತಿತ್ತು.

ಜನ ಹುಡುಗಿಯನ್ನು ನೋಡುತ್ತಿದ್ದರು. ಪುಟ್ಟಯ್ಯ ಮಾತ್ರ ಮಗನ ಕೈಯನ್ನು ನೋಡುತ್ತಿದ್ದ. ಪ್ರಕಾಶನಿಗೆ ಗುಂಡಿಯನ್ನು ಮೊದಲಿನ ಜಾಗಕ್ಕೆ ತರಬೇಕೆನಿಸಿತು, ಆದರೆ ಈಗ ತಂದರೆ ಅವಳು ನಿಜವಾಗಿ ಬೀಳುತ್ತಾಳೆ. ಒಂದು ಗಂಟೆ ಪೂರ್ತಿ, ತಾನೇ ಏರಿಸಿದ ಶ್ರುತಿಯನ್ನು ತಾನೇ ಕಾಯುತ್ತಾ ಅವನು ಕೂತ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಭದ್ರಾವತಿಯ ಬಸ್ಸು ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟಿತು. ತಾಯಿ ಮಗಳು ಮುಂದಿನ ಸೀಟಿನಲ್ಲಿ, ಅಪ್ಪ ಮಗ ಅವರ ಹಿಂದೆ. ಹುಲಿಗೆಮ್ಮ ಆಗಲೇ ತೂಕಡಿಸುತ್ತಿದ್ದಳು. ಬಸ್ಸು ಹೊಳೆಯ ಸೇತುವೆ ದಾಟಿತು.

“ಅರ್ಧ ಮನೆ ತಾನೆ?” ಎಂದ ಪುಟ್ಟಯ್ಯ, ಮೆಲ್ಲಗೆ.

ಪ್ರಕಾಶ ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ.

“ನಾನೂ ಒಂದ್ಸಲ ಶ್ರುತಿ ಬದಲಾಯಿಸಿದ್ದೆ ಕಣೋ. ಅದೇ ಸಭೆಯಲ್ಲಿ. ಅವತ್ತು ಜನ ನೋಡಿ ಹೆದರಿ ನೀನು ಬೇರೆ ಮನೆಯಿಂದ ಶುರು ಮಾಡ್ಬಿಟ್ಟೆ. ನಿಂಗೆ ಗೊತ್ತಾಗ್ಲೂ ಇಲ್ಲ. ನಾನು ಹಿಂದೆ ತಿದಿ ಒತ್ತುತ್ತಾ ಕೂತಿದ್ದೆ. ಪೆಟ್ಟಿಗೆಯ ಒಂದು ತೂತು ಮುಚ್ಚಿ ಪಕ್ಕದ್ದು ತೆಗೆದೆ. ನೀನು ಶ್ರುತಿಗೆ ಸೇರ್ಲಿಲ್ಲ, ಶ್ರುತಿನೇ ನಿನ್ನ ಹತ್ರ ಬಂತು.”

ಪ್ರಕಾಶ ಅಪ್ಪನ ಬೆರಳುಗಳತ್ತ ನೋಡಿದ. ಇಪ್ಪತ್ತನಾಲ್ಕು ವರ್ಷ ಗೋಡೆಯ ಮೇಲೆ ತೂಗುಹಾಕಿಕೊಂಡು ಪೂಜಿಸಿದ್ದು ಅಪ್ಪನ ಬೆರಳಿನ ಕೆಲಸವನ್ನೇ?

“ಯಾಕಪ್ಪ ಹೇಳ್ಲಿಲ್ಲ?”

“ಎಷ್ಟು ಖುಷಿಯಾಗಿದ್ದೆ ನೀನು! ನಾಳೆ ಹೇಳೋಣ ಅಂದ್ಕೊಂಡೆ. ಮಾರನೇ ದಿನ ಫೋಟೋ ಬಂತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಅದಕ್ಕೇ ಹೊಗಳೋಕೂ ಬರ್ಲಿಲ್ಲ. ತಪ್ಪು ನಂದೇ.”

ಅಷ್ಟರಲ್ಲಿ ಸಂಘಮಿತ್ರಾ ಸೀಟಿನ ಮೇಲೆ ಮೊಣಕಾಲೂರಿ ಹಿಂದೆ ತಿರುಗಿದಳು. ಕ್ಲಾರಿನೆಟ್ ಪೆಟ್ಟಿಗೆಯನ್ನು ಎತ್ತಿ ಪ್ರಕಾಶನ ತೊಡೆಯ ಮೇಲಿಟ್ಟಳು. “ಮಾಮ, ಸ್ವಲ್ಪ ಹಿಡ್ಕೊಳ್ತೀರಾ? ಕೈ ನೋವು ಬಂತು.” ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ, ಅಜ್ಜನಿಗೆ ಕೇಳಿಸಬಾರದೆಂದು ಪಿಸುಗುಟ್ಟಿದಳು. “ಮೊದಲನೇ ಷಡ್ಜ ನಾನು ತಪ್ಪು ಹಿಡಿದೆ. ನೀವು ಹಿಂದೇನೇ ಇದ್ರಲ್ಲ, ಗೊತ್ತಾಗಿರುತ್ತೆ. ಅಜ್ಜಂಗೆ ಹೇಳ್ಬೇಡಿ ಮಾಮ. ಇನ್ನು ದಿನಾ ಒಂದು ಗಂಟೆ ಜಾಸ್ತಿ ಸಾಧಕ ಮಾಡ್ತೀನಿ.”

ಹತ್ತು ವರ್ಷ ಕಾದ ಪೆಟ್ಟಿಗೆ ತೊಡೆಯ ಮೇಲಿತ್ತು. ‘ಆಯ್ತು ಪುಟ್ಟಿ’ ಎಂದರೆ ಮುಗಿಯುತ್ತಿತ್ತು. ನಿಜ ಹೇಳಲು ನಾಳೆ ಇದ್ದೇ ಇದೆ.

“ನೀನು ತಪ್ಪಲಿಲ್ಲ,” ಎಂದ ಪ್ರಕಾಶ. “ಸರಿಯಾಗೇ ಹಿಡಿದಿದ್ದೆ. ಗುಂಡಿ ತಿರುಗಿಸಿದ್ದು ನಾನು.”

“ಯಾಕೆ?”

“ಹೊಟ್ಟೆಕಿಚ್ಚಿಗೆ.”

ಹುಡುಗಿ ಅವನ ಮುಖವನ್ನೇ ದಿಟ್ಟಿಸಿದಳು. ಎರಡೂ ಕೈ ಚಾಚಿ ಪೆಟ್ಟಿಗೆಯನ್ನು ವಾಪಸ್ಸು ಎತ್ತಿಕೊಂಡಳು, ಮುಂದೆ ತಿರುಗಿ ಅದನ್ನು ಎದೆಗೊತ್ತಿಕೊಂಡು ಕೂತಳು. ಪ್ರಕಾಶನ ತೊಡೆ ಖಾಲಿಯಾಯಿತು. ಅದು ಅವನಿಗೆ ಆಗಬೇಕಾದದ್ದೇ.

ಎರಡು ಸ್ಟಾಪು ಕಳೆದ ಮೇಲೆ ಅವಳು ಮತ್ತೆ ಇತ್ತ ತಿರುಗಿದಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

“ಅರ್ಧ ಮನೆ ಇಳಿಸಿದ್ದಿದ್ರೆ ನಂಗೆ ಆಗ್ತಿರ್ಲಿಲ್ಲ,” ಎಂದಳು. “ಅದು ಇನ್ನೂ ಕಷ್ಟ. ನಾಳೆ ಇಳಿಸಿ ಕೊಡಿ, ನೋಡ್ತೀನಿ.”

ಪ್ರಕಾಶನ ಹೊಟ್ಟೆಯಲ್ಲಿ ಹಳೆಯ ಜಾಗದಲ್ಲೇ ಹಳೆಯ ಉರಿ ಎದ್ದಿತು. “ಕೊಡ್ತೀನಿ ಬಾ,” ಎಂದ.

ಪಕ್ಕದಲ್ಲಿ ಪುಟ್ಟಯ್ಯ ಕಿಟಕಿಯ ಕಡೆ ನೋಡುತ್ತಲೇ ‘ಆಹಾ’ ಎಂದ. ಯಾರಿಗೆ ಎಂದು ಪ್ರಕಾಶ ಕೇಳಲಿಲ್ಲ.