ಟೈಲರಮ್ಮನ ಗೇಟಿನ ಮುಂದೆ

ನಮ್ಮ ನಗರಸಭೆಯ ಚರಿತ್ರೆಯಲ್ಲಿ ನಾನು ಬಗೆಹರಿಸದ ಪಾರ್ಕಿಂಗ್ ದೂರು ಇನ್ನೂ ಹುಟ್ಟಿಲ್ಲ; ಒಂದೇ ಮರದ ನೆರಳಿಗಾಗಿ ವಿಚ್ಛೇದನದ ಅಂಚಿಗೆ ಬಂದಿದ್ದ ಗಂಡಹೆಂಡಿರನ್ನು, ಮರದ ಎಲೆ ಅಲ್ಲಾಡದಂತೆ, ಒಂದೇ ಸ್ಕೂಟರಿನಲ್ಲಿ ಮನೆಗೆ ಕಳಿಸಿದವನು ನಾನು. ಅಂಥ ನನ್ನ ಕಚೇರಿಗೆ ಟೈಲರಮ್ಮ ಅಡ್ಡಡ್ಡಲಾಗಿ ಬಂದರು. ಎರಡು ಆನೆ ಸೊಂಡಿಲು ಹೆಣೆದುಕೊಂಡು ಹಾಯಬಹುದಾದ ನಮ್ಮ ಪಡಸಾಲೆಯಲ್ಲಿ ಆಕೆ ಬೆನ್ನನ್ನು ಗೋಡೆಗೊತ್ತಿ, ಉಸಿರೊಳಗೆಳೆದು, ಏಡಿಯಂತೆ ಹೆಜ್ಜೆ ಸರಿಸುತ್ತಿದ್ದರು. ಬೂದು ಕೋಟಿನ ಬೆನ್ನಿಗೆಲ್ಲ ಸುಣ್ಣ, ಎದೆಗೆಲ್ಲ ಧೂಳು. ಕೊರಳಲ್ಲಿ ಹಾವಿನಂತೆ ಜೋತ ಅಳತೆಯ ಟೇಪು.

"ಸಾಹೇಬ್ರೇ, ನಮ್ಮ ಗೇಟಿನ ಮುಂದೆ ಕಾರು ನಿಂತಿದೆ. ತೆಗೆಸಿಕೊಡಿ."

ಆ ಕಾರಿನ ಕತೆ ನನಗೆ ಗೊತ್ತಿತ್ತು. ಎದುರುಮನೆಯವರು ಅದನ್ನು ಗೇಟಿಗೆ ಅಂಟಿಸಿ ನಿಲ್ಲಿಸಿದ್ದ ದಿನವೇ ಟೈಲರಮ್ಮನ ಅಕ್ಕನಿಗೆ ಪಾರ್ಶ್ವವಾಯು ಬಡಿದಿತ್ತು. ಸ್ಟ್ರೆಚರ್ ತೂರಲಿಲ್ಲ, ಕುರ್ಚಿಯಲ್ಲಿ ಕೂರಿಸಿ ಆಂಬುಲೆನ್ಸಿಗೆ ಮುಟ್ಟಿಸುವಷ್ಟರಲ್ಲಿ ಅಕ್ಕನ ಮಾತು ಹೋಗಿತ್ತು. ಎದುರುಮನೆಯವರು ನಾಚಿಕೆಯಿಂದ ಕಾರನ್ನು ಗುಜರಿಗೆ ಹಾಕಿ, ಊರನ್ನೇ ಬಿಟ್ಟಿದ್ದರು.

"ಅಮ್ಮಾ, ಆ ಕಾರು ಈಗ ತಗಡಾಗಿ ಯಾರದೋ ಕೋಳಿಗೂಡಿನ ಮೇಲೆ ಕೂತಿರುತ್ತೆ" ಎಂದೆ.

"ಹಾಗಂತೀರಾ?" ಇದು ಆಕೆಯ ಮಾತಿನ ಪಲ್ಲವಿ. ಸೂಜಿ ಚುಚ್ಚಿದಷ್ಟೇ ಮೆಲ್ಲಗೆ ಅನ್ನುತ್ತಿದ್ದರು. "ಇನ್ನೊಂದ್ಸಲ ಲಕ್ವ ಹೊಡೆದ್ರೆ ಒಂದು ನಿಮಿಷವೂ ತಡ ಮಾಡೋ ಹಾಗಿಲ್ಲ ಅಂದಿದಾರೆ ಡಾಕ್ಟ್ರು. ಆವಾಗ ಅಕ್ಕನ್ನ ಎಲ್ಲಿಂದ ಹೊರಗೆ ತರ್ಲಿ, ಹಂಚು ತೆಗೆದಾ?"

ಆಕೆಯನ್ನೂ ಕರೆದುಕೊಂಡು ಜೀಪು ಹತ್ತಿದೆ. ನಮ್ಮ ಡ್ರೈವರು ಆ ಮನೆಯನ್ನು ದಾಟಿ ಬಹಳ ಮುಂದೆ ಹೋಗಿ ನಿಲ್ಲಿಸಿದ.

"ಇಷ್ಟು ದೂರ ಯಾಕಯ್ಯಾ ತಂದು ನಿಲ್ಲಿಸಿದೆ?"

"ಗೇಟಿನ ಮುಂದೆ ಜಾಗ ಎಲ್ಲಿತ್ತು ಸಾರ್?" ಎನ್ನುತ್ತ ಹಿಂದಿರುಗಿ ನೋಡಿದವನು ಬಾಯಿ ತೆರೆದೇ ಉಳಿದ. ಗೇಟಿನ ಮುಂದೆ ಬರೀ ಡಾಂಬರು, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

ಇಳಿದು ಗೇಟಿನ ಬಳಿಗೆ ನಡೆದು ಬಂದೆವು. ಚಕ್ರವೂರಲು ಅಂಗೈಯಗಲ ಜಾಗಕ್ಕೆ ಕತ್ತು ಹಿಸುಕಿಕೊಳ್ಳುವ ಜನರ ಬೀದಿ ಅದು. ಆದರೂ ಆ ಒಂದು ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಹರಟುತ್ತ ಬಂದ ಹೆಂಗಸರು ಮಾತು ಕಡಿಯದೆಯೇ ಅದನ್ನು ಸುತ್ತಿ ಬಳಸಿಕೊಂಡು ಹೋದರು. ಗಾಳಿಗೆ ಉರುಳಿ ಬಂದ ತರಗೆಲೆಗಳು ಯಾವುದಕ್ಕೋ ತಗುಲಿ ನೇರ ಸಾಲಾಗಿ ನಿಂತಿದ್ದವು. ಮಹಡಿಯ ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ಅವರು ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮ ಪಕ್ಕದ ಶೂನ್ಯವನ್ನು ನೋಡುತ್ತಿದ್ದರು. ಟೈಲರಮ್ಮ ಟೇಪು ತೆಗೆದು, ಗಿರಾಕಿಯ ಭುಜದ ಅಳತೆ ಹಿಡಿಯುವಷ್ಟು ಸಹಜವಾಗಿ ಎದೆಯೆತ್ತರದ ಗಾಳಿಯಲ್ಲಿ ಹಾಸಿ, ಎರಡೂ ಕೈ ಬಿಟ್ಟರು.

ಟೇಪು ಬೀಳಲಿಲ್ಲ.

ಎಳೆದೊಯ್ಯುವ ಲಾರಿಯನ್ನು ಕರೆಸಿದೆ. ಕೆಲಸದವರು ಕಿಸಿಕಿಸಿ ನಗುತ್ತಲೇ ಗಾಳಿಗೆ ಕೊಕ್ಕೆ ಹಾಕಿದರು. ಸರಪಳಿ ಬಿಗಿಯಿತು, ನಗು ನಿಂತಿತು. ಬರಿದನ್ನೆಳೆದುಕೊಂಡು ಲಾರಿ ಏದುಸಿರು ಬಿಡುತ್ತ, ಹಿಡಿದ ವಾಹನಗಳನ್ನೆಲ್ಲ ಇರಿಸುವ ನಮ್ಮ ಕಚೇರಿಯ ಅಂಗಳದ ಕಡೆಗೆ ಹೊರಟಿತು.

ಕೆಲವೇ ದಿನಗಳಲ್ಲಿ ಅಕ್ಕನಿಗೆ ಮತ್ತೆ ಪಾರ್ಶ್ವವಾಯು ಬಡಿಯಿತು. ಈ ಸಲ ಆಂಬುಲೆನ್ಸ್ ಗೇಟಿಗೇ ಬಂದು ನಿಂತಿತು. ಅಕ್ಕ ಉಳಿದರು.

ದೂರು ಕೊಡುವವರನ್ನು ಜಗಳಗಂಟರೆಂದು ನಾವು ಮೂಗು ಮುರಿಯುತ್ತೇವೆ. ನಾವೆಲ್ಲ ಬಳಸಿಕೊಂಡು ಹೋಗಲು ಕಲಿತು, ಕಲಿತದ್ದನ್ನೂ ಮರೆತುಬಿಟ್ಟ ಅಡ್ಡಿಯೊಂದನ್ನು, ತಾವು ಮರೆಯಲೊಲ್ಲದೆ ಮೈಮೇಲೆ ಹೊತ್ತು ತಿರುಗುವ ಜನ ಅವರು; ಅಂಥವರು ಮತ್ತೆ ನೆಟ್ಟಗೆ ನಡೆಯುವುದನ್ನು ನೋಡುವ ಭಾಗ್ಯ ಅಧಿಕಾರಿಗಳಿಗೆ ಅಪರೂಪ. ನನಗೆ ಅದು ದಕ್ಕಿತು. ಸುದ್ದಿ ಹೇಳಲು ಟೈಲರಮ್ಮ ಒಗೆದ ಕೋಟು ತೊಟ್ಟು, ಕೈ ಬೀಸಿಕೊಂಡು, ರಾಣಿಯಂತೆ ಬಂದು, ಲಾರಿ ಅದನ್ನು ಇಳಿಸಿದ್ದ ನಮ್ಮ ಅಂಗಳದ ಆಚೆ ನಿಂತರು. ನಾನು ಬಾಗಿಲಿನಿಂದ ಅವರ ಬಳಿಗೆ ಹೋದೆ.

"ನೋಡಿದ್ರಾ ಟೈಲರಮ್ಮ, ನಾನು ಬಗೆಹರಿಸದ ದೂರೇ ಇಲ್ಲ!"

ಅವರು ನನ್ನ ಬೆನ್ನಿಗಂಟಿದ ಸುಣ್ಣವನ್ನು ತಟ್ಟಿ ಉದುರಿಸಿದರು.

"ಹಾಗಂತೀರಾ? ಮತ್ತೆ ಬಾಗಿಲಿಂದ ಇಲ್ಲೀ ತನಕ ನೀವ್ಯಾಕೆ ಸಾಹೇಬ್ರೇ ಏಡಿ ಥರ ಬಂದ್ರಿ?"